ಲಿಂಕ್ ಖಾಲಿಯಿದ್ದರೂ ಪ್ಯಾಕೆಟ್ ಡ್ರಾಪ್ ಆಗುವುದೇಕೆ: ಸ್ವಿಚ್ ಬಫರಿನ ಒಳಲೆಕ್ಕ

ಪ್ರಶ್ನೆ: ನಾನು ನೋಡಿಕೊಳ್ಳುವ ನೆಟ್‌ವರ್ಕ್‌ನಲ್ಲಿ ಫೈಲ್ ಸರ್ವರ್ 10 ಗಿಗಾಬಿಟ್ ಪೋರ್ಟಿಗೂ ಬಳಕೆದಾರರ ಕಂಪ್ಯೂಟರ್‌ಗಳು 1 ಗಿಗಾಬಿಟ್ ಪೋರ್ಟ್‌ಗಳಿಗೂ ಸೇರಿಕೊಂಡಿವೆ. ಐದು ನಿಮಿಷಕ್ಕೊಮ್ಮೆ ಅಂಕಿ ತೆಗೆದುಕೊಳ್ಳುವ ಗ್ರಾಫ್‌ನಲ್ಲಿ ಯಾವ ಪೋರ್ಟಿನ ಬಳಕೆಯೂ ಶೇ 10ನ್ನು ದಾಟಿದ್ದು ಕಾಣುವುದಿಲ್ಲ. ಆದರೂ ಕೆಲವು ಪೋರ್ಟ್‌ಗಳಲ್ಲಿ ಔಟ್‌ಪುಟ್ ಡ್ರಾಪ್ (ಹೊರಗೆ ಕಳುಹಿಸಲಾಗದೆ ಎಸೆದ ಪ್ಯಾಕೆಟ್) ಎಣಿಕೆ ಏರುತ್ತಲೇ ಇದೆ. ಸ್ವಿಚ್ ಒಳಗೆ ಪ್ಯಾಕೆಟ್ ಎಲ್ಲಿ ಕಾಯುತ್ತದೆ, ಯಾವಾಗ ಡ್ರಾಪ್ ಆಗುತ್ತದೆ? ಹೆಚ್ಚು ಬಫರ್ ಇರುವ ಸ್ವಿಚ್ ಕೊಂಡರೆ ಇದು ಸರಿಹೋಗುವುದೇ?

ಉತ್ತರ: ನಿಮ್ಮ ಗ್ರಾಫ್ ಹೇಳುತ್ತಿರುವುದೂ ನಿಜ, ಡ್ರಾಪ್ ಎಣಿಕೆ ಹೇಳುತ್ತಿರುವುದೂ ನಿಜ, ಅವೆರಡೂ ಬೇರೆ ಬೇರೆ ಕಾಲಮಾನದಲ್ಲಿ ಅಳೆಯುತ್ತಿವೆ. ಗ್ರಾಫಿನ ಒಂದೊಂದು ಚುಕ್ಕೆಯೂ 300 ಸೆಕೆಂಡುಗಳ ಸರಾಸರಿ. ಬಫರ್, ಅಂದರೆ ಪ್ಯಾಕೆಟ್‌ಗಳು ಕಾಯುವ ಮೆಮೊರಿ, ತುಂಬುವುದು, ತುಳುಕುವುದು, ಮತ್ತೆ ಖಾಲಿಯಾಗುವುದು ಇಷ್ಟೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ದೊಡ್ಡ ಬಫರಿನ ಸ್ವಿಚ್ ಕೊಳ್ಳುವ ಬಗ್ಗೆ ನನ್ನ ಅಭಿಪ್ರಾಯ, ನೀವು ವಿವರಿಸಿರುವ ಮಟ್ಟಿಗೆ, ‘ಈಗಲೇ ಬೇಡ’ ಎಂಬುದು. ಹಾಗೇಕೆ ಎಂದು ತಿಳಿಯಬೇಕಾದರೆ ಒಂದು ಫ್ರೇಮ್ (ಈಥರ್ನೆಟ್ ಹೊದಿಕೆಯೊಳಗಿನ ಪ್ಯಾಕೆಟ್) ಸ್ವಿಚ್ಚಿನ ಒಂದು ಪೋರ್ಟಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುವವರೆಗೆ ಅದಕ್ಕೆ ಏನೇನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಸಮಯದ ಅಂದಾಜು. ಸಾಮಾನ್ಯ ಈಥರ್ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಾಗಿರುವಂತಿಲ್ಲ, 1518 ಬೈಟ್‌ಗಿಂತ ದೊಡ್ಡದಾಗಿರುವಂತಿಲ್ಲ; ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಯಾವುದೆಂದು ಹೇಳುವ ಟ್ಯಾಗ್ ಸೇರಿದರೆ ಮೇಲಿನ ಮಿತಿ 1522. ತಂತಿಯ ಮೇಲೆ ಪ್ರತಿ ಫ್ರೇಮಿನ ಮುಂದೆ 8 ಬೈಟ್‌ನ ಪೀಠಿಕೆಯೂ ಹಿಂದೆ 12 ಬೈಟ್‌ನಷ್ಟು ಖಾಲಿ ಅಂತರವೂ ಇರಬೇಕಾದ್ದರಿಂದ ಅತಿ ಚಿಕ್ಕ ಫ್ರೇಮ್ ಕೂಡ 84 ಬೈಟ್ ಸಾಗಿಸುವಷ್ಟು ಹೊತ್ತನ್ನು ತೆಗೆದುಕೊಳ್ಳುತ್ತದೆ. 1 ಗಿಗಾಬಿಟ್ ವೇಗದಲ್ಲಿ ಅದು 672 ನ್ಯಾನೊಸೆಕೆಂಡ್; ಅಂದರೆ ಒಂದೇ ಪೋರ್ಟಿನಿಂದ ಸೆಕೆಂಡಿಗೆ ಸುಮಾರು 14.88 ಲಕ್ಷ ಫ್ರೇಮ್‌ಗಳು ಬರಬಹುದು. 10 ಗಿಗಾಬಿಟ್ ಆದರೆ ಎರಡು ಫ್ರೇಮ್‌ಗಳ ನಡುವೆ ಸಿಗುವ ಸಮಯ 67.2 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಇಷ್ಟು ಹೊತ್ತಿನೊಳಗೆ ಒಂದೊಂದು ಫ್ರೇಮಿನ ದಾರಿಯನ್ನೂ ನಿರ್ಧರಿಸಿ ಮುಗಿಸಬೇಕು ಎಂಬ ಒತ್ತಡವೇ ಸ್ವಿಚ್ಚಿನ ರಚನೆಯನ್ನು ರೂಪಿಸಿದೆ. ಈ ಕೆಲಸವನ್ನು ಸ್ವಿಚ್ಚಿನ ಪ್ರೊಸೆಸರ್ ಮಾಡುವುದಿಲ್ಲ. ಅದಕ್ಕೆಂದೇ ಮಾಡಿದ ಚಿಪ್ ಮಾಡುತ್ತದೆ. ಆದ್ದರಿಂದ ಸ್ವಿಚ್ಚಿನ ಸಿಪಿಯು ಬಳಕೆ ಎಷ್ಟು ಕಡಿಮೆಯಿದ್ದರೂ ಅದರಿಂದ ನಿಮ್ಮ ಡ್ರಾಪ್ ಬಗ್ಗೆ ಏನೂ ತಿಳಿಯುವುದಿಲ್ಲ.

ದಾರಿ ನಿರ್ಧರಿಸುವ ಕೆಲಸ ತಾತ್ವಿಕವಾಗಿ ಸರಳವಾದದ್ದು. ಫ್ರೇಮಿನ ಮೊದಲ 6 ಬೈಟ್‌ಗಳಲ್ಲಿ ತಲುಪಬೇಕಾದ ಯಂತ್ರದ ಮ್ಯಾಕ್ (ಹಾರ್ಡ್‌ವೇರ್) ವಿಳಾಸವಿರುತ್ತದೆ, ನಂತರದ 6 ಬೈಟ್‌ಗಳಲ್ಲಿ ಕಳುಹಿಸಿದವರ ವಿಳಾಸವಿರುತ್ತದೆ. ಕಳುಹಿಸಿದವರ ವಿಳಾಸ ಯಾವ ಪೋರ್ಟಿನಿಂದ ಬಂತು ಎಂಬುದನ್ನು ಸ್ವಿಚ್ ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ; ತಲುಪಬೇಕಾದ ವಿಳಾಸವನ್ನು ಅದೇ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಆ ಒಂದು ಪೋರ್ಟಿಗೆ ಮಾತ್ರ, ಸಿಗದಿದ್ದರೆ ಅದೇ ವಿಲ್ಯಾನಿನ ಉಳಿದೆಲ್ಲ ಪೋರ್ಟ್‌ಗಳಿಗೂ ಫ್ರೇಮ್ ಹೋಗುತ್ತದೆ. ಈ ಎರಡನೆಯ ಸಂದರ್ಭಕ್ಕೆ ಫ್ಲಡಿಂಗ್ ಎನ್ನುತ್ತಾರೆ, ಮತ್ತು ಇದಕ್ಕೂ ನಿಮ್ಮ ಸಮಸ್ಯೆಗೂ ಸಂಬಂಧ ಇರುವ ಸಾಧ್ಯತೆ ಉಂಟು. ಪಟ್ಟಿಯಲ್ಲಿನ ನಮೂದು ಸಾಮಾನ್ಯವಾಗಿ 300 ಸೆಕೆಂಡು ಹೊಸ ಫ್ರೇಮ್ ಕಾಣದಿದ್ದರೆ ಅಳಿಸಿಹೋಗುತ್ತದೆ. ಆದರೆ ಕೆಲವು ರೂಟರ್‌ಗಳು ಎಆರ್‌ಪಿ ನಮೂದನ್ನು (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ವಿಳಾಸ ಎಂಬ ದಾಖಲೆಯನ್ನು) 4 ಗಂಟೆ ಇಟ್ಟುಕೊಳ್ಳುತ್ತವೆ. ಹೋಗುವ ದಾರಿಯೂ ಬರುವ ದಾರಿಯೂ ಬೇರೆ ಬೇರೆ ಸ್ವಿಚ್‌ಗಳ ಮೂಲಕ ಇರುವ ನೆಟ್‌ವರ್ಕ್‌ನಲ್ಲಿ, ರೂಟರಿಗೆ ವಿಳಾಸ ಗೊತ್ತಿದ್ದು ಸ್ವಿಚ್ಚಿಗೆ ಮರೆತುಹೋಗಿರುವ ಸ್ಥಿತಿ ಬಂದರೆ, ಒಬ್ಬರಿಗೆ ಹೋಗಬೇಕಾದ ಇಡೀ ಹರಿವು ಎಲ್ಲ ಪೋರ್ಟ್‌ಗಳ ಮೇಲೂ ಸುರಿಯುತ್ತದೆ. ಆಗ ಏನೂ ಕೇಳದ ಕಂಪ್ಯೂಟರ್‌ಗಳ ಪೋರ್ಟ್‌ಗಳಲ್ಲೂ ಡ್ರಾಪ್ ಕಾಣಿಸಿಕೊಳ್ಳುತ್ತದೆ. ನಿಮ್ಮಲ್ಲಿ ಹಾಗಾಗುತ್ತಿದೆಯೇ ಎಂದು ತಿಳಿಯಲು ಸುಮ್ಮನಿರುವ ಒಂದು ಕಂಪ್ಯೂಟರ್‌ನಲ್ಲಿ ಕೆಲವು ನಿಮಿಷ ಪ್ಯಾಕೆಟ್ ಕ್ಯಾಪ್ಚರ್ ಮಾಡಿ, ತನಗಲ್ಲದ ಯೂನಿಕಾಸ್ಟ್ (ಒಬ್ಬರಿಗೆ ಮಾತ್ರ ಕಳುಹಿಸಿದ) ಫ್ರೇಮ್‌ಗಳು ಬರುತ್ತಿವೆಯೇ ಎಂದು ನೋಡಿದರೆ ಸಾಕು.

ಫ್ರೇಮ್ ಪೂರ್ತಿಯಾಗಿ ಒಳಬಂದ ಮೇಲೆ ಮುಂದಕ್ಕೆ ಕಳುಹಿಸಬೇಕೋ, ವಿಳಾಸ ತಿಳಿದ ಕೂಡಲೇ ಕಳುಹಿಸಲು ಶುರುಮಾಡಬೇಕೋ ಎಂಬುದು ಸ್ವಿಚ್‌ಗಳ ಇತಿಹಾಸದಲ್ಲಿ ಹಳೆಯ ಚರ್ಚೆ. ಮೊದಲನೆಯದನ್ನು ಸ್ಟೋರ್ ಆಂಡ್ ಫಾರ್ವರ್ಡ್ ಎಂದೂ ಎರಡನೆಯದನ್ನು ಕಟ್-ಥ್ರೂ ಎಂದೂ ಕರೆಯುತ್ತಾರೆ. 1990ರಲ್ಲಿ ಕಲ್ಪನಾ ಎಂಬ ಕಂಪನಿ ಮಾರುಕಟ್ಟೆಗೆ ತಂದ ಈಥರ್‌ಸ್ವಿಚ್ ಕಟ್-ಥ್ರೂ ಬಗೆಯದಾಗಿತ್ತು. 10 ಮೆಗಾಬಿಟ್ ವೇಗದಲ್ಲಿ ಒಂದು ಪೂರ್ಣ ಫ್ರೇಮ್ ಒಳಬರಲು 1.2 ಮಿಲಿಸೆಕೆಂಡು ಬೇಕಾಗುತ್ತಿದ್ದ ಕಾಲದಲ್ಲಿ ಆ ಉಳಿತಾಯಕ್ಕೆ ಬೆಲೆಯಿತ್ತು. 1 ಗಿಗಾಬಿಟ್‌ನಲ್ಲಿ ಅದೇ ಫ್ರೇಮಿಗೆ ಸುಮಾರು 12 ಮೈಕ್ರೊಸೆಕೆಂಡ್, 10 ಗಿಗಾಬಿಟ್‌ನಲ್ಲಿ 1.2 ಮೈಕ್ರೊಸೆಕೆಂಡ್. ಷೇರು ವಹಿವಾಟಿನಂಥ ಕೆಲವು ಕ್ಷೇತ್ರಗಳನ್ನು ಬಿಟ್ಟರೆ ಈ ವ್ಯತ್ಯಾಸ ಇಂದು ಯಾರ ಅನುಭವಕ್ಕೂ ಬರುವಂಥದ್ದಲ್ಲ. ಅಲ್ಲದೆ, ಹೊರಹೋಗುವ ಪೋರ್ಟ್ ಬೇರೊಂದು ಫ್ರೇಮ್ ಕಳುಹಿಸುತ್ತಿದ್ದರೆ, ಅಥವಾ ಒಳಬರುವ ಪೋರ್ಟಿಗಿಂತ ಅದರ ವೇಗ ಹೆಚ್ಚಿದ್ದರೆ, ಕಟ್-ಥ್ರೂ ಸ್ವಿಚ್ ಕೂಡ ಫ್ರೇಮನ್ನು ಕೂಡಿಟ್ಟುಕೊಂಡೇ ಕಳುಹಿಸಬೇಕಾಗುತ್ತದೆ. ನಿಮ್ಮ ಸಮಸ್ಯೆಗೆ ಈ ಆಯ್ಕೆಯಿಂದ ಏನೂ ಬದಲಾಗದು. ಆದರೂ ಒಂದು ಮಾತು ಉಪಯೋಗಕ್ಕೆ ಬಂದೀತು: ಫ್ರೇಮ್ ಕೆಟ್ಟಿದೆಯೇ ಎಂದು ತಿಳಿಸುವ 4 ಬೈಟ್‌ಗಳು (ಸಿಆರ್‌ಸಿ) ಅದರ ಕೊನೆಯಲ್ಲಿರುವುದರಿಂದ, ಕಟ್-ಥ್ರೂ ಸ್ವಿಚ್ ಕೆಟ್ಟ ಫ್ರೇಮನ್ನು ತಡೆಯಲಾರದು, ಹಾಗಾಗಿ ಅಂಥ ನೆಟ್‌ವರ್ಕ್‌ನಲ್ಲಿ ಒಂದು ಪೋರ್ಟಿನ ಸಿಆರ್‌ಸಿ ದೋಷದ ಎಣಿಕೆ ಏರಿದರೆ ಕೆಟ್ಟ ಕೇಬಲ್ ಎರಡು ಸ್ವಿಚ್‌ಗಳ ಆಚೆಗೂ ಇರಬಹುದು.

ಈಗ ಕಾಯುವ ಜಾಗಕ್ಕೆ ಬರೋಣ. ಫ್ರೇಮ್ ಬಂದ ಪೋರ್ಟಿನಲ್ಲೇ ಕಾಯುವುದು ಎಲ್ಲರಿಗೂ ಮೊದಲು ಹೊಳೆಯುವ ವ್ಯವಸ್ಥೆ. ಅದರ ತೊಂದರೆ ಏನೆಂದರೆ, ಕ್ಯೂವಿನ ತುದಿಯಲ್ಲಿರುವ ಫ್ರೇಮ್ ಬಿಡುವಿಲ್ಲದ ಪೋರ್ಟಿಗೆ ಹೋಗಬೇಕಾದದ್ದಾದರೆ, ಅದರ ಹಿಂದಿರುವ ಫ್ರೇಮ್‌ಗಳು ಬಿಡುವಾಗಿರುವ ಪೋರ್ಟ್‌ಗಳಿಗೆ ಹೋಗಬೇಕಾದವಾಗಿದ್ದರೂ ಕದಲುವಂತಿಲ್ಲ. ಇದಕ್ಕೆ ಹೆಡ್-ಆಫ್-ಲೈನ್ ಬ್ಲಾಕಿಂಗ್ ಎಂದು ಹೆಸರು. 1987ರಲ್ಲಿ ಕ್ಯಾರೊಲ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಒಂದೇ ಅಳತೆಯ ಪ್ಯಾಕೆಟ್‌ಗಳು ಎಲ್ಲ ಕಡೆಗೂ ಸಮನಾಗಿ, ಯಾದೃಚ್ಛಿಕವಾಗಿ ಹಂಚಿಹೋಗುವ, ಅನೇಕ ಪೋರ್ಟ್‌ಗಳ ಸ್ವಿಚ್ಚಿನಲ್ಲಿ ಈ ಒಂದು ದೋಷದಿಂದಲೇ ಒಟ್ಟು ಸಾಮರ್ಥ್ಯದ ಶೇ 58.6ರಷ್ಟು ಮಾತ್ರ ಬಳಕೆಗೆ ದಕ್ಕುತ್ತದೆ. ದೊಡ್ಡ ಸ್ವಿಚ್‌ಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಒಳಬರುವ ಪ್ರತಿ ಪೋರ್ಟಿನಲ್ಲೂ ಹೊರಹೋಗುವ ಪ್ರತಿ ಪೋರ್ಟಿಗೆ ಒಂದೊಂದರಂತೆ ಬೇರೆ ಬೇರೆ ಕ್ಯೂ ಇಡುವುದು. ನಿಮ್ಮಲ್ಲಿರುವಂಥ, ಒಂದೇ ಚಿಪ್‌ನಲ್ಲಿ ಮುಗಿಯುವ ಸ್ವಿಚ್‌ಗಳಲ್ಲಿ ಇನ್ನೊಂದು ದಾರಿ ಸಾಮಾನ್ಯ: ಎಲ್ಲ ಪೋರ್ಟ್‌ಗಳಿಗೂ ಸೇರಿ ಒಂದೇ ಮೆಮೊರಿ.

ಈ ಹಂಚಿಕೆಯ ಮೆಮೊರಿಯನ್ನು ಸೆಲ್ ಎಂಬ ಸಮಾನ ಗಾತ್ರದ ತುಂಡುಗಳಾಗಿ ವಿಭಾಗಿಸಿರುತ್ತಾರೆ. ಬ್ರಾಡ್‌ಕಾಮ್‌ನ ಟ್ರೈಡೆಂಟ್ 2 ಚಿಪ್‌ನಲ್ಲಿ ಒಂದು ಸೆಲ್ 208 ಬೈಟ್‌ನದು, ಒಟ್ಟು ಬಫರ್ 12 ಮೆಗಾಬೈಟ್. ಒಳಬಂದ ಫ್ರೇಮ್ ತನಗೆ ಬೇಕಾದಷ್ಟು ಖಾಲಿ ಸೆಲ್‌ಗಳಲ್ಲಿ ಕೂರುತ್ತದೆ; ಆ ಸೆಲ್‌ಗಳು ಅಕ್ಕಪಕ್ಕದಲ್ಲೇ ಇರಬೇಕೆಂದಿಲ್ಲ. ಹೊರಹೋಗುವ ಪೋರ್ಟಿನ ಕ್ಯೂವಿಗೆ ಸೇರುವುದು ಫ್ರೇಮ್ ಅಲ್ಲ, ಅದು ಎಲ್ಲಿದೆ ಎಂದು ಹೇಳುವ ಚಿಕ್ಕ ಗುರುತು ಮಾತ್ರ. ಆದ್ದರಿಂದ ಕ್ಯೂ ಎಷ್ಟು ಉದ್ದವಾದರೂ ದತ್ತಾಂಶ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬೇಕಾಗಿಲ್ಲ. ಮಲ್ಟಿಕಾಸ್ಟ್ ಫ್ರೇಮ್ ಇಪ್ಪತ್ತು ಪೋರ್ಟ್‌ಗಳಿಗೆ ಹೋಗಬೇಕಾಗಿದ್ದರೂ ಮೆಮೊರಿಯಲ್ಲಿ ಅದರ ಒಂದೇ ಪ್ರತಿ ಇದ್ದು, ಇಪ್ಪತ್ತು ಕ್ಯೂಗಳಲ್ಲಿ ಅದರ ಗುರುತು ಇರುತ್ತದೆ. ಕೊನೆಯ ಪೋರ್ಟ್ ಕಳುಹಿಸಿ ಮುಗಿಸಿದ ಮೇಲಷ್ಟೇ ಸೆಲ್‌ಗಳು ಬಿಡುಗಡೆಯಾಗುತ್ತವೆ. ಅಂದರೆ ಒಂದು ನಿಧಾನದ ಪೋರ್ಟ್ ಎಲ್ಲರ ಜಾಗವನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಸೆಲ್ ಲೆಕ್ಕಕ್ಕೆ ಇನ್ನೊಂದು ಪರಿಣಾಮವೂ ಇದೆ: 64 ಬೈಟ್‌ನ ಫ್ರೇಮಿಗೂ ಒಂದು ಪೂರ್ತಿ ಸೆಲ್ ಬೇಕು, 209 ಬೈಟ್ ಇದ್ದರೆ ಎರಡು ಬೇಕು. ಬರೀ ಸಣ್ಣ ಫ್ರೇಮ್‌ಗಳೇ ಬಂದರೆ 12 ಮೆಗಾಬೈಟ್ ಬಫರಿನಲ್ಲಿ 4 ಮೆಗಾಬೈಟ್ ದತ್ತಾಂಶವೂ ಹಿಡಿಸುವುದಿಲ್ಲ.

ಬಫರ್ ಇಷ್ಟು ಸಣ್ಣದೇಕೆ, ಕಂಪ್ಯೂಟರಿಗೆ ಗಿಗಾಬೈಟ್‌ಗಟ್ಟಲೆ ಮೆಮೊರಿ ಹಾಕುವಾಗ ಸ್ವಿಚ್ಚಿಗೆ ಹಾಕಲಾಗದೆ ಎಂದು ಅನೇಕರು ಕೇಳುತ್ತಾರೆ. ಅಡ್ಡಿ ಇರುವುದು ಮೆಮೊರಿಯ ಗಾತ್ರದಲ್ಲಿ ಅಲ್ಲ, ವೇಗದಲ್ಲಿ. ಸೆಕೆಂಡಿಗೆ 1.28 ಟೆರಾಬಿಟ್ ಸಾಮರ್ಥ್ಯದ ಚಿಪ್ ಅಷ್ಟನ್ನೂ ಬರೆಯಬೇಕು, ಅಷ್ಟನ್ನೂ ಓದಬೇಕು, ಸೇರಿ 2.56 ಟೆರಾಬಿಟ್. ಅದೇ ಚಿಪ್‌ನ ಒಳಗೆ ಕೆತ್ತಿದ ವೇಗದ ಮೆಮೊರಿಯಾದ ಎಸ್‌ರ‍್ಯಾಮ್ ಇದನ್ನು ತಾಳಿಕೊಳ್ಳುತ್ತದೆ, ಹೊರಗೆ ಕೂರಿಸಿದ, ಕಂಪ್ಯೂಟರ್‌ಗಳಲ್ಲಿರುವಂಥ ಸಾಮಾನ್ಯ ಡಿರ‍್ಯಾಮ್ ತಾಳಲಾರದು. ಎಸ್‌ರ‍್ಯಾಮ್‌ಗೆ ಚಿಪ್‌ನಲ್ಲಿ ಬಹಳ ಜಾಗ ಬೇಕು. 12 ಮೆಗಾಬೈಟ್ ಎಂಬುದನ್ನು ಸಮಯಕ್ಕೆ ಪರಿವರ್ತಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ: ಎಲ್ಲ ಪೋರ್ಟ್‌ಗಳೂ ಪೂರ್ಣ ವೇಗದಲ್ಲಿ ತುಂಬುತ್ತಾ ಹೋದರೆ ಅದು 75 ಮೈಕ್ರೊಸೆಕೆಂಡಿಗೆ ಸಾಲುತ್ತದೆ. ಬಫರಿನ ಗಾತ್ರವನ್ನು ಬೈಟ್‌ಗಳಲ್ಲಿ ಓದುವುದಕ್ಕಿಂತ ಹೀಗೆ ಮೈಕ್ರೊಸೆಕೆಂಡುಗಳಲ್ಲಿ ಓದುವ ಅಭ್ಯಾಸ ಮಾಡಿಕೊಂಡರೆ ಮಾರಾಟಗಾರರ ಪಟ್ಟಿಗಳು ಬೇರೆಯದೇ ರೀತಿ ಕಾಣತೊಡಗುತ್ತವೆ.

ಒಂದೇ ಮೆಮೊರಿಯನ್ನು ಎಲ್ಲರೂ ಹಂಚಿಕೊಳ್ಳುವಾಗ ಯಾರಿಗೆ ಎಷ್ಟು ಎಂಬ ಪ್ರಶ್ನೆ ಬಂದೇ ಬರುತ್ತದೆ, ಮತ್ತು ನಿಮ್ಮ ಡ್ರಾಪ್‌ಗಳ ಕೀಲಿ ಬಹುಶಃ ಇಲ್ಲಿಯೇ ಇದೆ. ಪೋರ್ಟಿಗಿಷ್ಟು ಎಂದು ಸಮನಾಗಿ ಭಾಗಮಾಡಿಬಿಟ್ಟರೆ 48 ಪೋರ್ಟ್‌ಗಳಲ್ಲಿ 47 ಸುಮ್ಮನಿದ್ದಾಗಲೂ ಒಂದಕ್ಕೆ ಸಿಗುವುದು 48ರಲ್ಲಿ ಒಂದು ಪಾಲು. ಯಾವ ಮಿತಿಯೂ ಇಲ್ಲದೆ ಬಿಟ್ಟರೆ ಒಂದು ಪೋರ್ಟ್ ಎಲ್ಲವನ್ನೂ ನುಂಗಿಹಾಕುತ್ತದೆ. ಅಭಿಜಿತ್ ಚೌಧುರಿ ಮತ್ತು ಎಲೆನ್ ಹಾನೆ 1990ರ ದಶಕದಲ್ಲಿ ಸೂಚಿಸಿದ ಡೈನಾಮಿಕ್ ಥ್ರೆಶೋಲ್ಡ್ ವಿಧಾನ ಇವೆರಡರ ನಡುವಿನ ಚೊಕ್ಕ ಉಪಾಯ: ಯಾವುದೇ ಕ್ಯೂವಿನ ಉದ್ದ, ಆ ಕ್ಷಣದಲ್ಲಿ ಖಾಲಿ ಉಳಿದಿರುವ ಬಫರಿನ ಆಲ್ಫಾ ಪಟ್ಟನ್ನು ಮೀರಬಾರದು; ಆಲ್ಫಾ ಎಂಬುದು ಮೊದಲೇ ನಿಗದಿ ಮಾಡಿದ ಸಂಖ್ಯೆ. ಖಾಲಿ ಜಾಗ ಹೆಚ್ಚಿದ್ದಾಗ ಮಿತಿ ಸಡಿಲ, ಕಡಿಮೆಯಾದಂತೆ ಮಿತಿ ಬಿಗಿ. ಆಲ್ಫಾ 1 ಆಗಿದ್ದರೆ, ಒಂದೇ ಕ್ಯೂ ತುಂಬುತ್ತಿರುವಾಗ ಅದು ಬಫರಿನ ಅರ್ಧದವರೆಗೆ ಬೆಳೆದು ನಿಲ್ಲುತ್ತದೆ, ಏಕೆಂದರೆ ಅಲ್ಲಿ ಕ್ಯೂವಿನ ಉದ್ದವೂ ಖಾಲಿ ಜಾಗವೂ ಸಮವಾಗುತ್ತವೆ. ಆಲ್ಫಾ ಅರ್ಧವಾಗಿದ್ದರೆ ಮೂರನೇ ಒಂದಕ್ಕೇ ನಿಲ್ಲುತ್ತದೆ. ಹೊಸದಾಗಿ ಕ್ಯೂ ತುಂಬತೊಡಗುವ ಪೋರ್ಟಿಗೆ ಒಂದಿಷ್ಟು ಜಾಗ ಸದಾ ಉಳಿದಿರಲಿ ಎಂಬುದೇ ಇದರ ಉದ್ದೇಶ. ಆದ್ದರಿಂದ ಬಫರಿನ ದೊಡ್ಡ ಭಾಗ ಖಾಲಿಯಿರುವಾಗಲೇ ನಿಮ್ಮ ಪೋರ್ಟಿನಲ್ಲಿ ಫ್ರೇಮ್ ಡ್ರಾಪ್ ಆಗುವುದು ಪೂರ್ತಿ ಸಾಧ್ಯ, ಮತ್ತು ಅದು ಸ್ವಿಚ್ಚಿನ ದೋಷವಲ್ಲ.

ನಿಮ್ಮ ಸಂದರ್ಭಕ್ಕೆ ಅಂಕಿಗಳನ್ನು ಹಾಕಿ ನೋಡೋಣ. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಕಳುಹಿಸುವುದಿಲ್ಲ. 64 ಕಿಲೋಬೈಟ್‌ವರೆಗಿನ ದತ್ತಾಂಶವನ್ನು ಒಂದೇ ಗಂಟಾಗಿ ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸುತ್ತದೆ, ಕಾರ್ಡ್ ಅದನ್ನು ಸುಮಾರು 45 ಪ್ಯಾಕೆಟ್‌ಗಳಾಗಿ ಕತ್ತರಿಸಿ 10 ಗಿಗಾಬಿಟ್ ವೇಗದಲ್ಲಿ ಬೆನ್ನುಬೆನ್ನಿಗೆ ಹೊರಬಿಡುತ್ತದೆ. ಇಡೀ ಗಂಟು ಸ್ವಿಚ್ ತಲುಪಲು ಸುಮಾರು 52 ಮೈಕ್ರೊಸೆಕೆಂಡು ಸಾಕು. ಅಷ್ಟು ಹೊತ್ತಿನಲ್ಲಿ 1 ಗಿಗಾಬಿಟ್ ಪೋರ್ಟ್ ಹೊರಗೆ ಕಳುಹಿಸಬಲ್ಲದ್ದು ನಾಲ್ಕೈದು ಪ್ಯಾಕೆಟ್ ಮಾತ್ರ. ಉಳಿದ ನಲವತ್ತು ಕಾಯಲೇಬೇಕು. ಈಗ ಒಬ್ಬ ಬಳಕೆದಾರರ ಕಂಪ್ಯೂಟರ್ ಒಮ್ಮೆಗೇ ಇಂಥ 8 ತುಂಡುಗಳನ್ನು ಕೇಳಿದೆ, ದತ್ತಾಂಶ ಸಾಗಣೆಯ ನಿಯಮಾವಳಿಯಾದ ಟಿಸಿಪಿಯ ವಿಂಡೊ (ಸ್ವೀಕೃತಿಗೆ ಕಾಯದೆ ಕಳುಹಿಸಬಹುದಾದ ಮೊತ್ತ) ಅಷ್ಟು ತೆರೆದೂ ಇದೆ ಎಂದಿಟ್ಟುಕೊಳ್ಳಿ. 512 ಕಿಲೋಬೈಟ್ ಸುಮಾರು 420 ಮೈಕ್ರೊಸೆಕೆಂಡಿನಲ್ಲಿ ಬಂದಿಳಿಯುತ್ತದೆ, ಅದರಲ್ಲಿ 50 ಕಿಲೋಬೈಟ್‌ನಷ್ಟು ಹೊರಹೋಗಿರುತ್ತದೆ, 460 ಕಿಲೋಬೈಟ್‌ನಷ್ಟು ಬಫರಿನಲ್ಲಿ ಕೂತಿರಬೇಕಾಗುತ್ತದೆ. ಸ್ವಿಚ್ಚಿನಲ್ಲಿ ಒಟ್ಟು 1.5 ಮೆಗಾಬೈಟ್ ಬಫರ್ ಇದ್ದು ಆಲ್ಫಾ 1 ಆಗಿದ್ದರೆ, ಬೇರೆ ಪೋರ್ಟ್‌ಗಳು ಸುಮ್ಮನಿರುವಾಗ ಈ ಪೋರ್ಟಿಗೆ 750 ಕಿಲೋಬೈಟ್ ದಕ್ಕುತ್ತದೆ, ಏನೂ ನಷ್ಟವಾಗದು. ಅದೇ ಗಳಿಗೆಯಲ್ಲಿ ಇನ್ನೂ ಮೂರು ಪೋರ್ಟ್‌ಗಳ ಕ್ಯೂ ಬೇರೆ ಬೇರೆ ಮೂಲಗಳಿಂದ ತುಂಬಿ ನಿಂತಿದ್ದರೆ, ನಾಲ್ಕರಲ್ಲಿ ಪ್ರತಿಯೊಂದಕ್ಕೂ ದಕ್ಕುವ ಪಾಲು ಒಟ್ಟಿನ ಐದನೇ ಒಂದು, ಅಂದರೆ 300 ಕಿಲೋಬೈಟ್. ಕಡಿಮೆಯೆಂದರೂ 160 ಕಿಲೋಬೈಟ್, ಅಂದರೆ ನೂರಕ್ಕೂ ಹೆಚ್ಚು ಪ್ಯಾಕೆಟ್‌ಗಳು ಡ್ರಾಪ್ ಆಗುತ್ತವೆ.

ಇಂಥ ಹೊಡೆತ ಸೆಕೆಂಡಿಗೆ 10 ಸಲ ಬಂದರೂ ಆ ಪೋರ್ಟಿನ ಸರಾಸರಿ ಬಳಕೆ 42 ಮೆಗಾಬಿಟ್, ಶೇ 4ಕ್ಕಿಂತ ಸ್ವಲ್ಪ ಹೆಚ್ಚು. ಐದು ನಿಮಿಷದ ಗ್ರಾಫಿನಲ್ಲಿ ಅದು ತಳಕ್ಕಂಟಿದ ಗೆರೆ. ನೆಟ್‌ವರ್ಕ್ ನೋಡಿಕೊಳ್ಳುವವರು ಇದನ್ನು ಮೈಕ್ರೊಬರ್ಸ್ಟ್ ಎನ್ನುತ್ತಾರೆ. ಗ್ರಾಫಿನ ಅವಧಿಯನ್ನು 30 ಸೆಕೆಂಡಿಗೆ ಇಳಿಸಿದರೂ ಪ್ರಯೋಜನವಿಲ್ಲ, 1 ಸೆಕೆಂಡಿಗೆ ಇಳಿಸಿದರೂ ಇಲ್ಲ, ಏಕೆಂದರೆ ಕ್ಯೂ ತುಂಬಿ ಬರಿದಾಗುವ ಕಥೆ 4 ಮಿಲಿಸೆಕೆಂಡಿನದು. ಕೇಳಬೇಕಾದ ಅಂಕಿ ಸರಾಸರಿ ಬಳಕೆಯದ್ದಲ್ಲ, ಕ್ಯೂ ಅತಿ ಹೆಚ್ಚು ಎಲ್ಲಿಯವರೆಗೆ ತುಂಬಿತ್ತು ಎಂಬ ವಾಟರ್‌ಮಾರ್ಕ್‌ನದು. ಅನೇಕ ಚಿಪ್‌ಗಳು ಅದನ್ನು ದಾಖಲಿಸಿಕೊಳ್ಳುತ್ತವೆ, ಸ್ವಿಚ್ಚಿನ ತಂತ್ರಾಂಶ ಅದನ್ನು ತೋರಿಸುತ್ತದೆಯೇ ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

ಈ ಡ್ರಾಪ್‌ಗಳಿಂದ ನಿಜವಾಗಿ ಹಾನಿಯಾಗುತ್ತಿದೆಯೇ? ಎಣಿಕೆ ಏರುತ್ತಿದೆ ಎಂಬಷ್ಟಕ್ಕೇ ಗಾಬರಿಯಾಗಬೇಕಾಗಿಲ್ಲ. ಟಿಸಿಪಿ ತನ್ನ ವೇಗವನ್ನು ಕಂಡುಕೊಳ್ಳುವುದೇ ಪ್ಯಾಕೆಟ್ ಕಳೆದುಹೋಗುವವರೆಗೆ ಏರಿಸುತ್ತಾ ಹೋಗಿ, ಕಳೆದುಹೋದಾಗ ಇಳಿಸುವ ಮೂಲಕ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ ಸಾಂಪ್ರದಾಯಿಕ ಟಿಸಿಪಿಯ ವೇಗ, ಹೋಗಿಬರುವ ಸಮಯಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ. ಅರ್ಧ ಮಿಲಿಸೆಕೆಂಡಿನಲ್ಲಿ ಹೋಗಿಬರುವ ಒಳ ನೆಟ್‌ವರ್ಕ್‌ನಲ್ಲಿ ಹತ್ತು ಸಾವಿರಕ್ಕೊಂದು ಪ್ಯಾಕೆಟ್ ಕಳೆದರೂ ಆ ಸೂತ್ರ ಅನುಮತಿಸುವ ವೇಗ 2.8 ಗಿಗಾಬಿಟ್‌ನಷ್ಟು, 1 ಗಿಗಾಬಿಟ್ ಪೋರ್ಟಿಗೆ ಅದರಿಂದ ಏನೂ ಆಗದು. ಅದೇ ನಷ್ಟ 100 ಮಿಲಿಸೆಕೆಂಡಿನ ದೂರದ ಸಂಪರ್ಕದಲ್ಲಿ ಆದರೆ ವೇಗ 14 ಮೆಗಾಬಿಟ್‌ಗೆ ಕುಸಿಯುತ್ತದೆ. ಹಾಗಾಗಿ ಡ್ರಾಪ್ ಎಣಿಕೆಯನ್ನು ಕಳುಹಿಸಿದ ಒಟ್ಟು ಫ್ರೇಮ್‌ಗಳಿಂದ ಭಾಗಿಸಿ ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ. ಇದಕ್ಕೊಂದು ಅಪವಾದವಿದೆ. ಒಂದು ಉತ್ತರದ ಕಟ್ಟಕಡೆಯ ಪ್ಯಾಕೆಟ್‌ಗಳೇ ಬಿದ್ದುಹೋದರೆ, ನಷ್ಟವನ್ನು ಸೂಚಿಸಲು ಹಿಂದೆ ಬೇರೆ ಪ್ಯಾಕೆಟ್ ಬಾರದೆ, ಕಳುಹಿಸಿದವರು ಗಡುವು ಮುಗಿಯುವವರೆಗೆ ಸುಮ್ಮನೆ ಕಾಯುವಂತಾಗಬಹುದು. ಲಿನಕ್ಸ್‌ನಲ್ಲಿ ಈ ಗಡುವಿನ ಕನಿಷ್ಠ ಮಿತಿ 200 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ 1 ಗಿಗಾಬಿಟ್ ಲಿಂಕ್ 25 ಮೆಗಾಬೈಟ್ ಸಾಗಿಸಬಹುದಿತ್ತು. ಇತ್ತೀಚಿನ ಟಿಸಿಪಿಗಳು ಇದನ್ನು ಬಹುಮಟ್ಟಿಗೆ ತಪ್ಪಿಸುತ್ತವೆ, ಆದರೂ ‘ಕೆಲವೊಮ್ಮೆ ಫೋಲ್ಡರ್ ತೆರೆಯಲು ಯಾಕೋ ತಡೆಯುತ್ತದೆ’ ಎಂಬ ಬಳಕೆದಾರರ ದೂರು ಇದ್ದರೆ ಸರ್ವರಿನಲ್ಲಿ ರೀಟ್ರಾನ್ಸ್‌ಮಿಷನ್ (ಮರಳಿ ಕಳುಹಿಸಿದ ಪ್ಯಾಕೆಟ್) ಎಣಿಕೆಯ ಜೊತೆಗೆ ಟೈಮ್‌ಔಟ್ (ಗಡುವು ಮೀರಿದ) ಎಣಿಕೆಯನ್ನೂ ನೋಡಿ.

ಇನ್ನು ದೊಡ್ಡ ಬಫರಿನ ಮಾತು. ಬಫರಿಗೆ ಹೆಚ್ಚು ಜಾಗ ಕೊಟ್ಟರೆ ಡ್ರಾಪ್ ಕಡಿಮೆಯಾಗುವುದು ನಿಜ, ಆದರೆ ಬಿದ್ದುಹೋಗುತ್ತಿದ್ದ ಪ್ಯಾಕೆಟ್ ಆಗ ಕಾಯುವ ಪ್ಯಾಕೆಟ್ ಆಗುತ್ತದೆ, ಅದರ ಹಿಂದೆ ಬಂದ ಎಲ್ಲವೂ ಕಾಯುತ್ತವೆ. 1.5 ಮೆಗಾಬೈಟ್ ಕ್ಯೂ 1 ಗಿಗಾಬಿಟ್ ಪೋರ್ಟಿನಲ್ಲಿ 12 ಮಿಲಿಸೆಕೆಂಡಿನ ವಿಳಂಬ. ಯಾರೋ ಹಳೆಯ ಸಾಧನ ಜೋಡಿಸಿ ಆ ಪೋರ್ಟ್ 100 ಮೆಗಾಬಿಟ್‌ಗೆ ಇಳಿದಿದ್ದರೆ 120 ಮಿಲಿಸೆಕೆಂಡು. ಚಿಪ್‌ನ ಹೊರಗೆ ಗಿಗಾಬೈಟ್‌ಗಟ್ಟಲೆ ಮೆಮೊರಿ ಇಟ್ಟುಕೊಂಡ ಡೀಪ್ ಬಫರ್ ಸ್ವಿಚ್‌ಗಳಿವೆ. ಅವುಗಳಲ್ಲಿ 10 ಗಿಗಾಬಿಟ್ ಪೋರ್ಟೊಂದರ ಹಿಂದೆ 1 ಗಿಗಾಬೈಟ್ ಕೂಡಿಕೊಳ್ಳಲು ಬಿಟ್ಟರೆ 0.8 ಸೆಕೆಂಡಿನ ವಿಳಂಬವಾಗುತ್ತದೆ, ಮತ್ತು ನಷ್ಟವೇ ಕಾಣದ ಟಿಸಿಪಿ ವೇಗ ಇಳಿಸುವ ಗೊಡವೆಗೇ ಹೋಗುವುದಿಲ್ಲ. ಮನೆಗಳ ರೂಟರ್‌ಗಳಲ್ಲಿ ಹೀಗೆಯೇ ಆಗುತ್ತಿದ್ದುದನ್ನು ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ಬಫರ್‌ಬ್ಲೋಟ್ ಎಂದು ಕರೆದು ಎಲ್ಲರ ಗಮನಕ್ಕೆ ತಂದರು.

ಎಷ್ಟು ಬಫರ್ ಸಾಕು ಎಂಬುದಕ್ಕೆ ಹಿಂದೆ ಬಳಕೆಯಲ್ಲಿದ್ದ ನಿಯಮ ಲಿಂಕಿನ ವೇಗವನ್ನು ಹೋಗಿಬರುವ ಸಮಯದಿಂದ ಗುಣಿಸುವುದು. 10 ಗಿಗಾಬಿಟ್ ಮತ್ತು 250 ಮಿಲಿಸೆಕೆಂಡಿಗೆ ಅದು 312 ಮೆಗಾಬೈಟ್ ಆಗುತ್ತದೆ. 2004ರಲ್ಲಿ ಅಪ್ಪೆನ್‌ಜೆಲ್ಲರ್, ಕೆಸ್ಲಾಸ್ಸಿ ಮತ್ತು ಮೆಕ್‌ಕೀನ್ ಅವರು ಅನೇಕ ಹರಿವುಗಳು ಒಂದೇ ಲಿಂಕನ್ನು ಹಂಚಿಕೊಳ್ಳುವಾಗ ಈ ಗುಣಲಬ್ಧವನ್ನು ಹರಿವುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟೇ ಸಾಕೆಂದು ತೋರಿಸಿದರು: ಹತ್ತು ಸಾವಿರ ಹರಿವುಗಳಿದ್ದರೆ 3 ಮೆಗಾಬೈಟ್ ಚಿಲ್ಲರೆ. ನಿಮ್ಮ ಒಳ ನೆಟ್‌ವರ್ಕ್‌ಗೆ ಹಳೆಯ ನಿಯಮವನ್ನೇ ಹಚ್ಚಿದರೂ 1 ಗಿಗಾಬಿಟ್ ಮತ್ತು ಅರ್ಧ ಮಿಲಿಸೆಕೆಂಡಿಗೆ ಬೇಕಾಗುವುದು 62.5 ಕಿಲೋಬೈಟ್. ಲಿಂಕನ್ನು ತುಂಬಿಸಿಡಲು ಅಷ್ಟು ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ 10 ಗಿಗಾಬಿಟ್ ಸರ್ವರಿನ ಹೊಡೆತಗಳನ್ನು ತಾಳಿಕೊಳ್ಳುವುದಕ್ಕೆ ಬೇಕಾದದ್ದು. ಹಾಗಿರುವಾಗ ಹೊಡೆತವನ್ನೇ ತಗ್ಗಿಸುವುದು ಬಫರ್ ಬೆಳೆಸುವುದಕ್ಕಿಂತ ಅಗ್ಗದ ದಾರಿ.

ಲಿನಕ್ಸ್ ಸರ್ವರ್ ಆಗಿದ್ದರೆ ಎಫ್‌ಕ್ಯೂ ಎಂಬ ಕ್ಯೂ ವ್ಯವಸ್ಥೆಯನ್ನು ಆಯ್ದುಕೊಳ್ಳಿ. ಅದು ಪ್ರತಿ ಹರಿವಿನ ಪ್ಯಾಕೆಟ್‌ಗಳ ನಡುವೆ ಅಂತರ ಬಿಟ್ಟು ಕಳುಹಿಸಬಲ್ಲದು. ಸ್ವಿಚ್ಚಿನಲ್ಲಿ ಆಲ್ಫಾ ಬದಲಿಸಲು ಅವಕಾಶವಿದ್ದರೆ ಬಳಕೆದಾರರ ಪೋರ್ಟ್‌ಗಳಿಗೆ ಒಂದು ಹಂತ ಏರಿಸಿ ನೋಡಬಹುದು. ಇಸಿಎನ್ ಬೆಂಬಲವಿದ್ದರೆ, ಕ್ಯೂ ನಿಗದಿತ ಮಟ್ಟ ದಾಟಿದಾಗ ಸ್ವಿಚ್ ಪ್ಯಾಕೆಟ್ ಎಸೆಯುವ ಬದಲು ಐಪಿ ಶಿರೋಭಾಗದ 2 ಬಿಟ್‌ಗಳಲ್ಲಿ ಗುರುತು ಹಾಕಿ ಕಳುಹಿಸುವವರನ್ನು ಎಚ್ಚರಿಸಬಲ್ಲದು. ಆದರೆ ಎರಡೂ ತುದಿಯ ಯಂತ್ರಗಳು ಅದಕ್ಕೆ ಒಪ್ಪಿರಬೇಕು.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಡ್ರಾಪ್ ಕಂಡೊಡನೆ ಕ್ಯೂಒಎಸ್ (ಹರಿವುಗಳಿಗೆ ಆದ್ಯತೆ ಹಂಚುವ ವ್ಯವಸ್ಥೆ) ಆನ್ ಮಾಡುವ ಸಲಹೆ ಸಾಮಾನ್ಯ. ಕೆಲವು ಸ್ವಿಚ್‌ಗಳಲ್ಲಿ ಹಾಗೆ ಮಾಡಿದ ಕೂಡಲೇ ಪೋರ್ಟಿನ ಬಫರ್ ನಾಲ್ಕೋ ಎಂಟೋ ಕ್ಯೂಗಳಿಗೆ ಹಂಚಿಹೋಗಿ, ಎಲ್ಲ ದತ್ತಾಂಶವೂ ಬಳಸುವ ಸಾಮಾನ್ಯ ಕ್ಯೂವಿಗೆ ಮೊದಲಿಗಿಂತ ಕಡಿಮೆ ಪಾಲು ಉಳಿದು, ಡ್ರಾಪ್ ಹೆಚ್ಚಾಗುತ್ತದೆ. ಧ್ವನಿ ಕರೆಗಳಂಥ, ಕಾಯಲಾಗದ ಹರಿವು ಇದ್ದರೆ ಮಾತ್ರ ಅದಕ್ಕೊಂದು ಆದ್ಯತೆಯ ಕ್ಯೂ ಮಾಡಿ, ಉಳಿದ ಜಾಗವನ್ನು ಸಾಮಾನ್ಯ ಕ್ಯೂವಿಗೇ ಬಿಡಿ. ಎರಡನೆಯದು ಪಾಝ್ (pause) ಫ್ರೇಮ್, ಅಂದರೆ ಬಫರ್ ತುಂಬುತ್ತಿದ್ದಂತೆ ಸ್ವಿಚ್ ಸರ್ವರಿಗೆ ‘ಸ್ವಲ್ಪ ಹೊತ್ತು ನಿಲ್ಲಿಸು’ ಎಂದು ಹೇಳುವ ವ್ಯವಸ್ಥೆ. ಇದನ್ನು ಸಕ್ರಿಯಗೊಳಿಸಿದರೆ ಡ್ರಾಪ್ ಎಣಿಕೆ ಸೊನ್ನೆಗೆ ಇಳಿಯಬಹುದು, ಆದರೆ ನಿಂತುಹೋಗುವುದು ಸರ್ವರಿನ ಇಡೀ ಲಿಂಕ್. ಒಬ್ಬರ ನಿಧಾನದ ಪೋರ್ಟಿಗಾಗಿ ಉಳಿದ ಎಲ್ಲರೂ ಕಾಯಬೇಕು. ಹೆಡ್-ಆಫ್-ಲೈನ್ ಬ್ಲಾಕಿಂಗ್ ಸ್ವಿಚ್ಚಿನಿಂದ ಹೊರಬಂದು ಸರ್ವರಿನ ಬಾಗಿಲಲ್ಲಿ ಕೂತಂತಾಗುತ್ತದೆ. ಪ್ಯಾಕೆಟ್ ನಷ್ಟವನ್ನು ಸಹಿಸದ ಆರ್‌ಡಿಎಂಎ (ಒಂದು ಯಂತ್ರ ಇನ್ನೊಂದರ ಮೆಮೊರಿಯನ್ನು ನೇರವಾಗಿ ಓದಿ ಬರೆಯುವ) ಸ್ಟೋರೇಜ್‌ಗೆ ಇದರ ಸುಧಾರಿತ ರೂಪವನ್ನು, 8 ಆದ್ಯತೆಗಳಲ್ಲಿ ಒಂದನ್ನಷ್ಟೇ ತಡೆಯುವಂತೆ, ಬಳಸುತ್ತಾರೆ. ಸಾಮಾನ್ಯ ಫೈಲ್ ಸರ್ವರಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ದೊಡ್ಡ ಬಫರ್ ಸಾರ್ಥಕವಾಗುವ ಸಂದರ್ಭಗಳಿಲ್ಲವೆಂದಲ್ಲ. ಹತ್ತಾರು ಸ್ಟೋರೇಜ್ ಯಂತ್ರಗಳು ಒಂದೇ ಯಂತ್ರದ ಕೋರಿಕೆಗೆ ಒಂದೇ ಕ್ಷಣದಲ್ಲಿ ಉತ್ತರಿಸುವ ಕ್ಲಸ್ಟರ್, ದೂರದ ಡೇಟಾ ಸೆಂಟರಿಗೆ ಕೆಲವೇ ಭಾರೀ ಹರಿವುಗಳಲ್ಲಿ ಪ್ರತಿ ಕಳುಹಿಸುವ ಲಿಂಕ್, ಮರಳಿ ಕಳುಹಿಸಲು ಸಮಯವೇ ಇಲ್ಲದ ನೇರ ವಿಡಿಯೊ, ಇವುಗಳಿಗೆ ಆ ಖರ್ಚು ಮಾಡಬಹುದು. ನಿಮ್ಮದು ಇವುಗಳಲ್ಲಿ ಯಾವುದೂ ಅಲ್ಲ. ಡ್ರಾಪ್ ಆಗುತ್ತಿರುವ ಪೋರ್ಟ್‌ಗಳನ್ನು ಗುರುತಿಸಿ, ಅವುಗಳಲ್ಲಿ ನಿಜವಾಗಿ ಭಾರದ ಕೆಲಸ ಮಾಡುವ ಮೂರ್ನಾಲ್ಕು ಕಂಪ್ಯೂಟರ್‌ಗಳಿಗೆ 2.5 ಗಿಗಾಬಿಟ್ ಸಂಪರ್ಕ ಕೊಡುವುದು ಹೆಚ್ಚು ಫಲಕಾರಿ. ಅದು ಈಗಿರುವ ಕ್ಯಾಟ್ 5ಇ ಕೇಬಲ್‌ನಲ್ಲೇ ಓಡುತ್ತದೆ. ಮೇಲಿನ 512 ಕಿಲೋಬೈಟ್‌ನ ಹೊಡೆತದಲ್ಲಿ ಆಗ ಬಫರಿನಲ್ಲಿ ಉಳಿಯುವುದು 460ರ ಬದಲು 384 ಕಿಲೋಬೈಟ್, ಒಟ್ಟು ಹೊಡೆತ ಹೊರಹೋಗಿ ಮುಗಿಯಲು ಬೇಕಾಗುವುದು 4.2ರ ಬದಲು 1.7 ಮಿಲಿಸೆಕೆಂಡು. ಜಾಗ ಬೇಗ ಖಾಲಿಯಾಗುವುದರಿಂದ ಎರಡು ಪೋರ್ಟ್‌ಗಳ ಹೊಡೆತಗಳು ಒಂದೇ ಕ್ಷಣದಲ್ಲಿ ಸೇರುವ ಸಂಭವವೂ ತಗ್ಗುತ್ತದೆ, ಉಳಿದ ಪೋರ್ಟ್‌ಗಳಿಗೆ ಸಿಗುವ ಪಾಲೂ ಹೆಚ್ಚುತ್ತದೆ. ಬದಲಾವಣೆಗೆ ಮುಂಚೆ ಒಂದು ವಾರ, ಆಮೇಲೆ ಒಂದು ವಾರ, ಡ್ರಾಪ್ ಮತ್ತು ಒಟ್ಟು ಫ್ರೇಮ್‌ಗಳ ಅನುಪಾತವನ್ನು ಪೋರ್ಟ್‌ವಾರು ಬರೆದಿಟ್ಟುಕೊಳ್ಳಿ. ಹತ್ತು ಸಾವಿರಕ್ಕೊಂದಕ್ಕಿಂತ ಕೆಳಗಿರುವ ಪೋರ್ಟ್‌ಗಳನ್ನು, ಟೈಮ್‌ಔಟ್ ದೂರು ಇಲ್ಲದಿದ್ದರೆ, ಇದ್ದ ಹಾಗೆಯೇ ಬಿಡಿ.